ಅಡಿಗೆಯ ಮನೆಯೂ ಅರ್ಬುದ ರೋಗವೂ

ಈಚೆಗೆ ನಮ್ಮ ಮಿತ್ರರೊಬ್ಬರಿಗೆ ದೊಡ್ಡ ಕರುಳಿನಲ್ಲಿ ಅರ್ಬುದ ರೋಗವುಂಟಾಗಿದೆಯೆಂದು ವೈದ್ಯರು ನಿರ್ಧರಿಸಿದರು. ಅರ್ಬುದವೆಂದರೆ ಈಗ ಎಲ್ಲರೂ ಕ್ಯಾನ್ಸರ್ ಎಂದು ಕರೆಯುವ ರೋಗವೇ. ನಾವು ಅವರನ್ನು ಕಂಡುಬರಲು ಹೋದಾಗ ನಡುಮನೆಯಲ್ಲಿ ನೆಂಟರಿಷ್ಟರು ತುಂಬಿದ್ದರು. ಇದು ಉಪ್ಪಿನಕಾಯಿಯ ಫಲವೆಂದು ಒಬ್ಬರು ಹೇಳಿದರು. ಫ್ರಿಜ್ಜಿನಲ್ಲಿಟ್ಟ ಹಿಟ್ಟಿನ ಫಲವೆಂದು ಇನ್ನೊಬ್ಬರು. ಮತ್ತೊಬ್ಬರು ಅಂಗಡಿಯ ಪೊಟ್ಟಣದ ತಿಂಡಿಗಳನ್ನೆಲ್ಲ ಒಟ್ಟಾಗಿ ಶಪಿಸಿದರು. ಮಿತ್ರರ ಪತ್ನಿಯು ಎಲ್ಲರಿಗೂ ಕಾಫಿ ಕೊಟ್ಟು, ಯಾವ ಮಾತಿಗೂ ಉತ್ತರವೀಯದೆ ಒಳಕ್ಕೆ ಹೋದರು. ನಾವು ಹೊರಡುವಾಗ ಬಾಗಿಲವರೆಗೆ ಬಂದು, ತಗ್ಗಿದ ದನಿಯಲ್ಲಿ, “ಮೂವತ್ತು ವರ್ಷ ಅವರಿಗೆ ಬಡಿಸಿದವಳು ನಾನಲ್ಲವೇ ಅಣ್ಣಾ? ನನ್ನ ಕೈಯಡಿಗೆಯಿಂದಲೇ ಹೀಗಾಯಿತೇ?” ಎಂದು ಕೇಳಿದರು.

ಆ ದಿನ ನಾವು ನಾಲ್ಕು ಸಮಾಧಾನದ ಮಾತುಗಳನ್ನಾಡಿ ಬಂದೆವು. ಆದರೆ ಸಮಾಧಾನವು ಉತ್ತರವಲ್ಲ. ಇಂಥ ಪ್ರಶ್ನೆಯು ಎಷ್ಟೋ ಮನೆಗಳ ಅಡಿಗೆಯ ಒಲೆಯ ಮುಂದೆ ಮೌನವಾಗಿ ಉರಿಯುತ್ತಿರಬಹುದು. ಆದುದರಿಂದ ಆಹಾರಕ್ಕೂ ಈ ರೋಗಕ್ಕೂ ಇರುವ ಸಂಬಂಧದಲ್ಲಿ ಯಾವುದು ಪರೀಕ್ಷೆಗೆ ನಿಂತಿದೆ, ಯಾವುದು ಬರಿಯ ಮಾತು ಎಂಬುದನ್ನು ನಮ್ಮ ವಾಚಕರ ಮುಂದೆ, ಮುಖ್ಯವಾಗಿ ಗೃಹಿಣಿಯರ ಮುಂದೆ, ಇಡಲು ಇಲ್ಲಿ ಯತ್ನಿಸಿದ್ದೇವೆ.

ಮೊದಲು ರೋಗದ ಸ್ವರೂಪವನ್ನು ತಿಳಿಯತಕ್ಕದ್ದು. ನಮ್ಮ ದೇಹದಲ್ಲಿ ಹಳೆಯ ಜೀವಕೋಶಗಳು ಅಳಿದು ಹೊಸವು ಹುಟ್ಟುತ್ತಲೇ ಇರುತ್ತವೆ. ಒಂದು ಕೋಶವು ಎರಡಾಗುವಾಗ ಅದರೊಳಗಿನ ಆನುವಂಶಿಕ ಲಿಪಿಯೆಲ್ಲ ನಕಲಾಗಬೇಕು. ಪ್ರತಿ ಮಾಡುವ ಲಿಪಿಕಾರನಂತೆ ದೇಹವೂ ಆಗಾಗ ತಪ್ಪುವುದು. ತಪ್ಪುಗಳಲ್ಲಿ ಬಹುಭಾಗವನ್ನು ತಾನೇ ತಿದ್ದಿಕೊಳ್ಳುವುದು. ತಿದ್ದದೆ ಉಳಿದವು ವರ್ಷಗಟ್ಟಲೆ ಒಂದರ ಮೇಲೊಂದು ಸೇರಿದಾಗ ಯಾವುದೋ ಒಂದು ಕೋಶವು ಅಂಕೆ ಮೀರಿ ಬೆಳೆಯತೊಡಗುವುದು. ವಯಸ್ಸು, ವಂಶ, ಕೆಲವು ಸೋಂಕುಗಳು, ಹೊಗೆಸೊಪ್ಪು, ಬರಿಯ ಆಕಸ್ಮಿಕ—ಇವೆಲ್ಲವೂ ಇದಕ್ಕೆ ಕಾರಣಗಳು, ಆಹಾರವು ಅವುಗಳಲ್ಲೊಂದು. ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ರಿಚರ್ಡ್ ಪೀಟೊ ಎಂಬ ವಿದ್ವಾಂಸರು ೧೯೮೧ರಲ್ಲಿ, ಅಮೆರಿಕದಲ್ಲಿ ಅರ್ಬುದದಿಂದಾಗುವ ಮರಣಗಳಲ್ಲಿ ನೂರಕ್ಕೆ ಸುಮಾರು ೩೫ರಷ್ಟು ಆಹಾರಕ್ಕೆ ಸಂಬಂಧಿಸಿರಬಹುದೆಂದು ಅಂದಾಜು ಮಾಡಿದರು. ಆದರೆ ನಿಜವಾದ ಸಂಖ್ಯೆಯು ೧೦ರಿಂದ ೭೦ರವರೆಗೆ ಎಲ್ಲಿಯಾದರೂ ಇರಬಹುದೆಂದೂ ಜೊತೆಯಲ್ಲಿಯೇ ಬರೆದರು. ಅಂಥ ಪಂಡಿತರೇ ಇಷ್ಟು ಎಚ್ಚರದಿಂದ ಮಾತನಾಡಿರುವಾಗ, ನಡುಮನೆಯಲ್ಲಿ ಕುಳಿತು ತೀರ್ಪು ಕೊಡುವವರು ಸ್ವಲ್ಪ ತಡೆಯುವುದು ಲೇಸು.

ಹಾಗಾದರೆ ಖಚಿತವಾಗಿ ತಿಳಿದಿರುವುದೇನೂ ಇಲ್ಲವೆ? ಇದೆ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ರೋಗಾಣುವನ್ನು ಹುಡುಕಿದವರಿಗೆ ಅದು ಸಿಕ್ಕಲಿಲ್ಲ. ಕೊನೆಗೆ ಬ್ರೆಜಿಲ್ ದೇಶದಿಂದ ತರಿಸಿ ಮರಿಗಳಿಗೆ ತಿನ್ನಿಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ಒಂದು ಬಗೆಯ ಬೂಷ್ಟು ಬೆಳೆದು ವಿಷವನ್ನು ಸುರಿಸಿದ್ದುದು ಹೊರಬಿತ್ತು. ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಅದು ಯಕೃತ್ತಿನಲ್ಲಿ ಅರ್ಬುದವನ್ನು ಹುಟ್ಟಿಸಬಲ್ಲುದೆಂಬುದು ಈಗ ನಿಸ್ಸಂದೇಹವಾಗಿದೆ. ಹೆಪಟೈಟಿಸ್ ಬಿ ಸೋಂಕೂ ಉಳ್ಳವರಲ್ಲಿ ಅಪಾಯವು ಬಹುಪಾಲು ಹೆಚ್ಚುವುದು. ನಮ್ಮ ದೇಶದಲ್ಲಿಯೇ ೧೯೭೪ರಲ್ಲಿ, ಗುಜರಾತ ರಾಜಸ್ಥಾನಗಳ ಗಡಿನಾಡಿನ ಹಳ್ಳಿಗಳಲ್ಲಿ, ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನುಂಡು ೩೯೭ ಮಂದಿ ಯಕೃತ್ತಿನ ಬೇನೆಗೆ ಗುರಿಯಾದರು. ಅವರಲ್ಲಿ ೧೦೬ ಮಂದಿ ಮೃತರಾದರು. ಅದು ಅರ್ಬುದವಲ್ಲ, ಒಮ್ಮೆಲೇ ಏರಿದ ವಿಷ. ಆದರೆ ವಿಷವು ಅದೇ. ಮನೆಯ ಒಲೆಯ ಮೇಲೆ ಬೇಯಿಸಿದರೂ ಹುರಿದರೂ ಈ ವಿಷವು ಪೂರ್ತಿಯಾಗಿ ನಾಶವಾಗುವುದಿಲ್ಲ. ಆದುದರಿಂದ ಬೂಷ್ಟು ಹಿಡಿದ, ಮುರುಟಿದ, ಕಹಿಯಾದ ಕಡಲೆಕಾಯಿಬೀಜವನ್ನು “ಹುರಿದು ಚಟ್ನಿಪುಡಿಗೆ ಹಾಕಿದರಾಯಿತು” ಎನ್ನುವ ಮಿತವ್ಯಯವು ಮಿತವ್ಯಯವಲ್ಲ. ಅದನ್ನು ದನಕ್ಕೂ ಇಡಬಾರದು. ಹಾಲಿನಲ್ಲಿ ಆ ವಿಷದ ಅಂಶವು ಮರಳಿ ಮನೆಗೆ ಬರುವುದು.

ಎರಡನೆಯ ಸಂಗತಿಯು ಮಾಂಸಾಹಾರಿಗಳಿಗೆ ಸೇರಿದ್ದು. ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾಲಯವೊಂದಿದೆ. ೨೦೧೫ರಲ್ಲಿ ಅಲ್ಲಿ ೧೦ ದೇಶಗಳ ೨೨ ಮಂದಿ ತಜ್ಞರು ಸೇರಿ, ೮೦೦ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಸಾಸೇಜ್, ಹ್ಯಾಮ್, ಬೇಕನ್ ಮೊದಲಾಗಿ ಉಪ್ಪು ಹಾಕಿ, ಹೊಗೆಯಾಡಿಸಿ, ರಾಸಾಯನಿಕ ಬೆರೆಸಿ ಕೆಡದಂತೆ ಮಾಡಿದ ಮಾಂಸವು ದೊಡ್ಡ ಕರುಳಿನ ಅರ್ಬುದಕ್ಕೆ ಕಾರಣವೆಂದು ಮೊದಲನೆಯ ವರ್ಗಕ್ಕೆ ಸೇರಿಸಿದರು. ಹೊಗೆಸೊಪ್ಪೂ ಅದೇ ವರ್ಗದಲ್ಲಿರುವುದರಿಂದ, ಎರಡೂ ಸಮಾನವಾದ ಘಾತುಕವೆಂದು ಎಷ್ಟೋ ಮಂದಿ ಭಾವಿಸಿಬಿಟ್ಟರು. ಇದು ತಪ್ಪು. ಆ ವರ್ಗವು ಸಾಕ್ಷ್ಯವು ಎಷ್ಟು ಗಟ್ಟಿಯೆಂಬುದನ್ನು ಹೇಳುವುದೇ ಹೊರತು ಅಪಾಯವು ಎಷ್ಟು ದೊಡ್ಡದೆಂಬುದನ್ನು ಹೇಳುವುದಿಲ್ಲ. ಬೆಕ್ಕೂ ಹುಲಿಯೂ ಪರಚುವುದು ಖಚಿತವೇ. ಹಾಗೆಂದು ಎರಡೂ ಒಂದೇ ಅಲ್ಲವಷ್ಟೆ.

ದಿನವೂ ೫೦ ಗ್ರಾಮಿನಷ್ಟು ಇಂಥ ಮಾಂಸವನ್ನು ತಿಂದರೆ ಅಪಾಯವು ನೂರಕ್ಕೆ ೧೮ರಷ್ಟು ಹೆಚ್ಚುವುದೆಂದು ಆ ತಜ್ಞರು ಎಣಿಸಿದರು. ಇದರ ಅರ್ಥ ತಿಂದ ನೂರು ಮಂದಿಯಲ್ಲಿ ಹದಿನೆಂಟು ಮಂದಿಗೆ ರೋಗ ಬರುವುದೆಂದಲ್ಲ. ಒಂದು ನಾಡಿನಲ್ಲಿ ನೂರು ಮಂದಿಯ ಪೈಕಿ ಐವರಿಗೆ ಬಾಳಿನಲ್ಲಿ ಈ ರೋಗವು ಹೇಗೂ ಬರುವುದೆಂದು ಇಟ್ಟುಕೊಂಡರೆ, ಆ ನೂರು ಮಂದಿಯೂ ದಿನವೂ ಅದನ್ನು ತಿಂದಲ್ಲಿ ಐವರ ಬದಲು ಸುಮಾರು ಆರು ಮಂದಿಗೆ ಬರುವುದು. ಆ ಆರನೆಯವನ ಮನೆಯವರಿಗೆ ಇದು ಸಣ್ಣ ಲೆಕ್ಕವಲ್ಲ. ಆದರೆ ವರ್ಷಕ್ಕೊಮ್ಮೆ ಎಲ್ಲೋ ತಿಂದವನು ರಾತ್ರಿ ನಿದ್ದೆಗೆಡುವ ಲೆಕ್ಕವೂ ಅಲ್ಲ.

ಮೂರನೆಯದು ಪೊಟ್ಟಣದ ತಿಂಡಿಗಳ ವಿಷಯ. ಕಾಳನ್ನು ಬೀಸುವುದೂ ಹಾಲನ್ನು ಹೆಪ್ಪು ಹಾಕುವುದೂ ಸಂಸ್ಕರಣವೇ, ಅದರಲ್ಲಿ ದೋಷವಿಲ್ಲ. ಕಾರ್ಖಾನೆಯಲ್ಲಿ ಧಾನ್ಯದ ಸತ್ತ್ವವನ್ನೆಲ್ಲ ಬಿಡಿಸಿ, ಹಿಟ್ಟು, ಎಣ್ಣೆ, ಸಕ್ಕರೆ, ಬಣ್ಣ, ಪರಿಮಳಗಳನ್ನು ಕೂಡಿಸಿ, ಅಡಿಗೆಯ ಮನೆಯಲ್ಲಿ ಎಂದೂ ಕಾಣದ ಪದಾರ್ಥಗಳಿಂದ ಕಟ್ಟಿದ ತಿನಿಸು ಬೇರೆ. ಬ್ರೆಜಿಲ್ ದೇಶದ ಸಾವೊ ಪಾಲೊ ನಗರದ ಕಾರ್ಲೋಸ್ ಮೊಂಟೇರೊ ಎಂಬ ವಿದ್ವಾಂಸರು ೨೦೦೯ರಲ್ಲಿ ಈ ಭೇದವನ್ನು ಎತ್ತಿ ತೋರಿಸಿದರು. ಬಳಿಕ ಫ್ರಾನ್ಸಿನಲ್ಲಿ ಸುಮಾರು ೧,೦೫,೦೦೦ ಮಂದಿಯ ಊಟವನ್ನು ವಿಚಾರಿಸಿ ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದಲ್ಲಿ ಇಂಥ ತಿನಿಸಿನ ಪಾಲು ನೂರಕ್ಕೆ ಹತ್ತು ಹೆಚ್ಚಿದಾಗ ಅರ್ಬುದದ ಸಂಭವವು ನೂರಕ್ಕೆ ೧೨ರಷ್ಟು ಹೆಚ್ಚು ಕಂಡುಬಂದಿತು. ಇದು ಜೊತೆಯಲ್ಲಿ ಕಂಡದ್ದೇ ಹೊರತು ಕಾರಣವೆಂದು ಸಿದ್ಧವಾದದ್ದಲ್ಲ. ಆದರೂ ಎರಡು ದಾರಿಗಳು ಊಹೆಗೆ ನಿಲುಕುತ್ತವೆ. ಇಂಥ ತಿಂಡಿಯು ಬೊಜ್ಜನ್ನು ಬೆಳೆಸುವುದು. ಅತಿಸ್ಥೂಲತೆಯು ೧೩ ಬಗೆಯ ಅರ್ಬುದಗಳಿಗೆ ಸಂಬಂಧಿಸಿದೆಯೆಂದು ಲಿಯೋನಿನ ತಜ್ಞರು ೨೦೧೬ರಲ್ಲಿ ಹೇಳಿದ್ದಾರೆ. ಮತ್ತು ಅದು ಹೊಟ್ಟೆ ತುಂಬಿ, ನಾರಿರುವ ಊಟಕ್ಕೆ ಜಾಗವಿಲ್ಲದಂತೆ ಮಾಡುವುದು. ಉಗಾಂಡದಲ್ಲಿ ಬಹುಕಾಲವಿದ್ದ ಐರ್ಲೆಂಡಿನ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಅವರು, ಒರಟು ಧಾನ್ಯವನ್ನುಣ್ಣುವ ಆ ಹಳ್ಳಿಗರಲ್ಲಿ ದೊಡ್ಡ ಕರುಳಿನ ಅರ್ಬುದವು ಅಪರೂಪವೆಂದು ಕಂಡು ನಾರಿನ ಮಹತ್ತ್ವವನ್ನು ಲೋಕಕ್ಕೆ ಸಾರಿದರು. ನಮ್ಮ ರಾಗಿ, ಜೋಳ, ಕಾಳು, ಸೊಪ್ಪುಗಳಿಗೆ ಇದಕ್ಕಿಂತ ಹೆಚ್ಚಿನ ಪ್ರಶಸ್ತಿ ಬೇಕೆ?

ಬಣ್ಣದ ಮಾತು ನಮ್ಮ ನಾಡಿಗೇ ಸೇರಿದ್ದು. ೨೦೨೪ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಯ ೧೭೧ ಮಾದರಿಗಳನ್ನು ಪರೀಕ್ಷಿಸಿ, ೧೦೭ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣವಿರುವುದನ್ನು ಕಂಡು, ಗೋಬಿಗೂ ಬಾಂಬೆ ಮಿಠಾಯಿಗೂ ಅಂಥ ಬಣ್ಣವನ್ನು ಹಾಕಬಾರದೆಂದು ಆಜ್ಞೆ ಮಾಡಿತು. ಮಿಠಾಯಿಗೆ ಹಾಕುತ್ತಿದ್ದ ರೋಡಮಿನ್ ಬಿ ಎಂಬುದು ಬಟ್ಟೆಗೂ ಕಾಗದಕ್ಕೂ ಹಾಕುವ ಬಣ್ಣ. ಮಕ್ಕಳ ಬಾಯಿಗೆ ಹಾಕುವುದಲ್ಲ.

ಪರದೇಶದ ಸಾಸೇಜನ್ನು ಹಳಿಯುವ ನಾವು ನಮ್ಮ ತಟ್ಟೆಯನ್ನೂ ನೋಡಿಕೊಳ್ಳಬೇಡವೆ? ಮಂಗಳ ಕಾರ್ಯಗಳಲ್ಲಿ ನಾವು ಆದರದಿಂದ ಕೊಡುವ ತಾಂಬೂಲವು, ಹೊಗೆಸೊಪ್ಪಿಲ್ಲದಿದ್ದರೂ, ಅಡಿಕೆಯ ದೆಸೆಯಿಂದ ಬಾಯಿಯ ಅರ್ಬುದಕ್ಕೆ ಕಾರಣವೆಂದು ೨೦೦೪ರಲ್ಲಿ ಹೊರಬಂದ ಲಿಯೋನಿನ ಸಂಪುಟವು ಅದನ್ನು ಮೊದಲನೆಯ ವರ್ಗಕ್ಕೆ ಸೇರಿಸಿದೆ. ಮದ್ಯವೂ ಅಲ್ಲಿಯೇ ಇದೆ. ಮಲೆನಾಡಿನ ಎಷ್ಟೋ ಸಂಸಾರಗಳು ಅಡಿಕೆಯನ್ನು ನಂಬಿ ಬಾಳುತ್ತಿರುವುದನ್ನು ಬಲ್ಲೆವು. ಈ ಮಾತು ನಮಗೂ ಪ್ರಿಯವಲ್ಲ. ಆದರೆ ಪ್ರಿಯವಲ್ಲವೆಂದು ಸತ್ಯವನ್ನು ಮರೆಮಾಡುವುದು ವಾಚಕರಿಗೆ ಮಾಡುವ ದ್ರೋಹ. ಹರಿವಾಣದಲ್ಲಿ ಮರ್ಯಾದೆಗೆ ಇಟ್ಟದ್ದು ಬೇರೆ, ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವುದು ಬೇರೆ.

ಇನ್ನು ನಡುಮನೆಯಲ್ಲಿ ನಿಂದೆಗೊಳಗಾದ ಫ್ರಿಜ್ಜು. ಅನೇಕ ದೇಶಗಳಲ್ಲಿ ಜಠರದ ಅರ್ಬುದವು ಇಳಿಮುಖವಾದುದಕ್ಕೆ ಅದೂ ಒಂದು ಕಾರಣವೆಂದು ತಜ್ಞರು ಎಣಿಸುತ್ತಾರೆ. ಏಕೆಂದರೆ ಆಹಾರವನ್ನು ಉಪ್ಪಿನಲ್ಲಿ ಹೂಳುವ ಅಗತ್ಯ ತಪ್ಪಿತು, ಹಣ್ಣು ತರಕಾರಿಗಳು ತಾಜಾ ಉಳಿದವು. ಉಪ್ಪಿನಕಾಯಿಯನ್ನು ನೆಂಚಿಕೊಳ್ಳುವಷ್ಟಕ್ಕೆ ಇಟ್ಟರೆ ಸಾಕು. ಒಬ್ಬರಿಗೆ ದಿನಕ್ಕೆ ಒಟ್ಟು ೫ ಗ್ರಾಮಿಗಿಂತ ಕಡಮೆ ಉಪ್ಪೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ.

ಸೊಪ್ಪು ತರಕಾರಿಯ ಬದಲು ಅದರ ಸತ್ತ್ವದ ಗುಳಿಗೆಯನ್ನು ನುಂಗಬಹುದೆ ಎಂದು ಕೆಲವರು ಕೇಳಬಹುದು. ಫಿನ್‌ಲೆಂಡಿನಲ್ಲಿ ಧೂಮಪಾನಿಗಳಾದ ೨೯,೧೩೩ ಗಂಡಸರ ಮೇಲೆ ಇದನ್ನು ಪರೀಕ್ಷಿಸಿದರು. ೧೯೯೪ರಲ್ಲಿ ಹೊರಬಂದ ಫಲವೇನೆಂದರೆ, ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್ ಅನ್ನು ಗುಳಿಗೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಅರ್ಬುದವು ಕಡಮೆಯಾಗುವ ಬದಲು ನೂರಕ್ಕೆ ೧೮ರಷ್ಟು ಹೆಚ್ಚಿತ್ತು! ಊಟದ ಕೆಲಸವನ್ನು ಊಟವೇ ಮಾಡಬೇಕು.

ಆಹಾರವು ಎಷ್ಟು ಶುದ್ಧವಾಗಿದ್ದರೂ ರೋಗವು ಬಾರದೆಂಬ ಭರವಸೆಯಿಲ್ಲ. ಆದುದರಿಂದ ಮಲದಲ್ಲಿ ರಕ್ತ, ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಕಾರಣವಿಲ್ಲದೆ ಇಳಿಯುವ ತೂಕ—ಇವನ್ನು ಕಂಡಲ್ಲಿ ನಾಚಿಕೆಯಿಂದ ಮುಚ್ಚಿಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಬೇಗ ಕಂಡ ಅರ್ಬುದವು ಎಷ್ಟೋ ಸಲ ಗುಣವಾಗುವುದು.

ಮೊನ್ನೆ ಮತ್ತೆ ಆ ಮನೆಗೆ ಹೋಗಿದ್ದೆವು. ಶಸ್ತ್ರಚಿಕಿತ್ಸೆ ಮುಗಿದು ಮಿತ್ರರು ಮನೆಗೆ ಬಂದಿದ್ದರು. ಆ ಸೋದರಿಗೆ ನಾವು ಹೇಳಿದ್ದಿಷ್ಟು: “ತಾಯೀ, ಸಾವಿರಾರು ಮಂದಿಯನ್ನು ಒಟ್ಟಿಗೆ ನೋಡಿದಾಗ ಮಾತ್ರ ಈ ಲೆಕ್ಕಗಳು ಕಾಣುತ್ತವೆ. ಒಬ್ಬ ಮನುಷ್ಯನ ರೋಗವು ಯಾವ ತುತ್ತಿನಿಂದ ಬಂದಿತೆಂದು ಜಗತ್ತಿನ ಯಾವ ವೈದ್ಯನೂ ತೋರಿಸಲಾರ. ಹೀಗಿರುವಾಗ ನಿಮ್ಮ ಕೈಯನ್ನು ನೀವೇಕೆ ದೂರುತ್ತೀರಿ?”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇಂದಿನಿಂದ ರಾಗಿಮುದ್ದೆ, ಸೊಪ್ಪು ಮಾಡಲೇ?” ಎಂದರು. ಈಗಲೇ ಬೇಡವೆಂದೆವು. ರೋಗ ಬಾರದಂತೆ ಕಾಯುವ ಊಟ ಬೇರೆ, ಕರುಳಿನ ಗಾಯವು ಮಾಯುವವರೆಗಿನ ಪಥ್ಯ ಬೇರೆ. ಅದನ್ನು ವೈದ್ಯರೇ ಹೇಳಬೇಕು. ವೈದ್ಯರು ಮೆತ್ತಗಿನ ಗಂಜಿಯನ್ನು ಹೇಳಿದ್ದರಂತೆ. ಆಕೆ ಎದ್ದು ಅಕ್ಕಿ ತೊಳೆಯಲು ಒಳಗೆ ಹೋದರು. ಮೂವತ್ತು ವರ್ಷ ಬಡಿಸಿದ ಕೈಯೇ ಈಗಲೂ ಬಡಿಸಬೇಕಾಗಿತ್ತು. ಅದು ಅಳುಕದೆ ಬಡಿಸುವಂತಾಗಲಿ ಎಂದೇ ಇಷ್ಟನ್ನು ಬರೆದೆವು.