ಒಂದೇ ಹೆಸರಿನ ಎರಡು ಕಟ್ಟುಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲದಲ್ಲಿ ಗಣಕಯಂತ್ರವಿದ್ದಿದ್ದರೆ ಅದನ್ನು ಬದಲಿಸಿ ನೋಡು ಎಂದೂ ಸೇರಿಸುತ್ತಿದ್ದರೇನೋ. ಹಳೆಯ ಯಂತ್ರವನ್ನು ಬಿಟ್ಟು ಹೊಸದನ್ನು ತಂದ ಅನೇಕರು ಕಾಣುವ ನೋಟವಿದು: ‘ಕ್ಲೌಡ್’ ಎಂದು ಕರೆಯಲ್ಪಡುವ ದೂರದ ಸಂಗ್ರಹಾಗಾರದಲ್ಲಿ ಒಂದಿದ್ದ ಫೋಲ್ಡರು ಎರಡಾಗಿರುತ್ತದೆ. ಹೆಸರು ಒಂದೇ, ಒಳಗಿನ ಕಡತಗಳ ಹೆಸರುಗಳೂ ಅವೇ. ಯಾವುದನ್ನು ಉಳಿಸುವುದು, ಯಾವುದನ್ನು ಅಳಿಸುವುದು? ಪ್ರಶ್ನೆ ಯಂತ್ರಜ್ಞರದೆಂದು ತೋರಿದರೂ ಕನ್ನಡದ ವಿದ್ವಾಂಸರಿಗೆ ಇದು ಹಳೆಯ ಪರಿಚಯದ್ದು.

ಎರಡಾಗುವ ಕಾರಣ ಸರಳ. ಗೂಗಲ್ ಡ್ರೈವಿಗೆ ನಮ್ಮ ಯಂತ್ರದ ಫೋಲ್ಡರನ್ನು ಕಾಪಿಡಲು ಒಪ್ಪಿಸಿದರೆ ಅದು ಆ ಯಂತ್ರದ ಹೆಸರಿನಲ್ಲಿ ಪ್ರತ್ಯೇಕವಾಗಿ ದಾಖಲಾಗುತ್ತದೆ. ಹಳೆಯ ಕಡತಗಳನ್ನು ಹೊಸ ಯಂತ್ರಕ್ಕೆ ತುಂಬಿ ಮತ್ತೆ ಒಪ್ಪಿಸಿದರೆ ಎರಡನೆಯ ಸಂಸಾರ ಹೂಡಿದಂತಾಗುತ್ತದೆ; ಮೊದಲನೆಯದು ತಾನಾಗಿ ತೊಲಗುವುದಿಲ್ಲ. ಒನ್‌ಡ್ರೈವಿನಲ್ಲಿ ಎರಡು ಯಂತ್ರಗಳ ತಿದ್ದುಪಡಿಗಳು ಹೊಂದದಿದ್ದಾಗ ಕಡತದ ಹೆಸರಿಗೆ ಯಂತ್ರದ ಹೆಸರನ್ನು ಅಂಟಿಸಿ ಎರಡನ್ನೂ ಉಳಿಸುವ ಕ್ರಮವುಂಟು.

ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ‘ವಡ್ಡಾರಾಧನೆ’ಯನ್ನು ಸಂಪಾದಿಸಿದರು; ಆ ವಿದ್ಯೆಯ ವಿಧಿವಿಧಾನಗಳನ್ನು 1964ರ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ನಿರೂಪಿಸಿದರು. ಎರಡು ಓಲೆಕಟ್ಟುಗಳು ಕೈಗೆ ಬಂದರೆ ಹೊರಗಣ ಹೆಸರನ್ನೂ ಕಾಲವನ್ನೂ ಮಾತ್ರ ನಂಬಲಾಗದು, ಅಕ್ಷರಕ್ಕಕ್ಷರ ಹೋಲಿಸಬೇಕು. ಒಂದು ಭೇದವನ್ನು ಮಾತ್ರ ಮರೆಯಬಾರದು. ಲಿಪಿಕಾರನ ಕೈ ತಪ್ಪುವುದು ಸಹಜ. ಯಂತ್ರ ಮಾಡಿದ ನಕಲು ಮೂಲದಂತೆಯೇ ಇರುತ್ತದೆ. ಅಲ್ಲಿ ವ್ಯತ್ಯಾಸ ಕಂಡರೆ ಬಹುಮಟ್ಟಿಗೆ ಯಾರೋ ಬೇಕೆಂದೇ ಕೈಯಾಡಿಸಿದ್ದಾರೆಂದು ತಿಳಿಯಬೇಕು.

ಕಿರಿಮಂಜೇಶ್ವರದ ನಮ್ಮ ನೆರೆಯ ವೃದ್ಧೆಯೊಬ್ಬರಿಂದ ನಾನು ಸೋಬಾನೆ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿದ್ದೆ. ಅವರು ಈಗಿಲ್ಲ. ಯಂತ್ರ ಬದಲಾದ ಮೇಲೆ ‘ಸೋಬಾನೆ 1’ ಎಂಬ ಕಡತ ಎರಡು ಕಡೆ ಕಾಣಿಸಿತು. ಈಚಿನ ದಿನಾಂಕದ್ದೇ ಪರಿಷ್ಕೃತವೆಂದು ಯಾರಿಗಾದರೂ ತೋರುವುದು. ಎರಡನ್ನೂ ಪೂರ್ತಿ ಕೇಳಿದೆ. ಈಚಿನದು ನಾಲ್ಕು ನಿಮಿಷದ್ದು, ತರಗತಿಗೆಂದು ಕತ್ತರಿಸಿದ ಹಾಡು. ಹಳೆಯದು ಹನ್ನೊಂದು ನಿಮಿಷದ್ದು. ಅದರಲ್ಲಿ ಹಾಡಿನ ಮೊದಲು, ಮದುವೆಯ ಯಾವ ಶಾಸ್ತ್ರದ ಹೊತ್ತಿಗೆ ಅದನ್ನು ಹೇಳಬೇಕೆಂದು ಅಜ್ಜಿ ತಮ್ಮ ಕುಂದಗನ್ನಡದಲ್ಲಿ ವಿವರಿಸುತ್ತಾರೆ. ನಡುವೆ ಒಳಗಿದ್ದ ಸೊಸೆಯನ್ನು ಕರೆದು “ಹೆಣೆ, ಅನ್ನ ಬೆಂದಿತಾ ಕಾಣ್” ಎನ್ನುತ್ತಾರೆ. ಹಾಡನ್ನು ಬಲ್ಲವರು ಊರಿನಲ್ಲಿ ಇನ್ನೂ ಇದ್ದಾರು. ಆ ವಿವರಣೆ, ಆ ಕರೆ ಆ ಒಂದು ಕಡತದಲ್ಲಲ್ಲದೆ ಬೇರೆಲ್ಲಿಯೂ ಇಲ್ಲ.

ಇಂಥ ಕೆಲಸಕ್ಕೆ ತೊಡಗುವವರು ಮೊದಲು ಎರಡೂ ಯಂತ್ರಗಳ ಹೊಂದಾಣಿಕೆಯನ್ನು, ಎಂದರೆ ‘ಸಿಂಕ್’ ಅನ್ನು, ತಡೆದಿಡಬೇಕು. ಹೊಂದಿಕೊಂಡ ಫೋಲ್ಡರಿನಲ್ಲಿ ಒಂದೆಡೆ ಅಳಿಸಿದ್ದು ಇನ್ನೊಂದೆಡೆಯೂ ಅಳಿಯುತ್ತದೆ. ಬಳಿಕ ಎರಡೂ ಕಟ್ಟುಗಳನ್ನು ಹೊರಗಣ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಹೋಲಿಕೆಗೆ ಯಂತ್ರವೇ ನೆರವಾಗುತ್ತದೆ: ವಿಂಡೋಸಿನ ‘ಸರ್ಟ್‌ಯುಟಿಲ್’ ಎಂಬ ಆಜ್ಞೆ ಒಂದೊಂದು ಕಡತಕ್ಕೂ ಅಂಗೈ ರೇಖೆಯಂಥ ಗುರುತನ್ನು ತೆಗೆದುಕೊಡುತ್ತದೆ. ‘ಎಸ್‌ಎಚ್‌ಎ-256’ ಎಂಬ ಕ್ರಮದಲ್ಲಿ ಆ ಗುರುತು 64 ಅಕ್ಷರಗಳದ್ದು. ಗುರುತು ಒಂದೇ ಆದರೆ ಒಂದು ಪ್ರತಿಯನ್ನು ನಿಶ್ಚಿಂತೆಯಿಂದ ಬಿಡಬಹುದು. ಬೇರೆಯಾದರೆ ತೆರೆದು ನೋಡಲೇಬೇಕು. ಹಳೆಯ ನುಡಿ ಅಕ್ಷರಗಳಲ್ಲಿರುವ ಲೇಖನವೂ ಅದರ ಯೂನಿಕೋಡ್ ರೂಪವೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಅಲ್ಲಿ ಓದುವವನ ತೀರ್ಮಾನವೇ ಪ್ರಮಾಣ. ಗೂಗಲ್ ಡ್ರೈವಿನ ಕಸದ ಬುಟ್ಟಿ 30 ದಿನ ಮಾತ್ರ ಕಾಯುತ್ತದೆ; ಆಮೇಲೆ ಕೇಳಿದರೆ ಸಿಕ್ಕದು.

ಜಾಗ ತುಂಬಿತೆಂಬ ಎಚ್ಚರಿಕೆ ಬಂದಾಗ ಅವಸರದಿಂದ ಅಳಿಸುವುದೇ ನಿಜವಾದ ಅಪಾಯ. ನಾನು ಎರಡು ಸೋಬಾನೆಗಳನ್ನೂ ಉಳಿಸಿ, ಒಂದಕ್ಕೆ ‘ಪೂರ್ಣ’ ಎಂದೂ ಇನ್ನೊಂದಕ್ಕೆ ‘ತರಗತಿಗೆ’ ಎಂದೂ ಹೆಸರಿಟ್ಟಿದ್ದೇನೆ. ಕುಂದಾಪುರ, ಬೈಂದೂರು ಸೀಮೆಯ ಎಷ್ಟೋ ಮನೆಗಳಲ್ಲಿ ಹಿರಿಯರ ಮಾತು ಇಂದು ಓಲೆಯಲ್ಲಿಲ್ಲ, ಮೊಬೈಲಿನಲ್ಲಿದೆ. ಅದನ್ನು ವಿಂಗಡಿಸುವುದು ಕೆಲವು ಭಾನುವಾರಗಳ ಕೆಲಸ. ಗ್ರಂಥಸಂಪಾದನೆಯ ಪಾಠವನ್ನು ಪರೀಕ್ಷೆಗೆಂದು ಓದುವ ನಮ್ಮ ವಿದ್ಯಾರ್ಥಿಗಳು ಅದನ್ನು ತಮ್ಮ ಮನೆಯ ಕಟ್ಟುಗಳಿಂದಲೇ ಆರಂಭಿಸಬಹುದು.