ಕೊರಲೆ: ಮಳೆಯಾಶ್ರಿತ ಪ್ರದೇಶಕ್ಕೆ ಸೂಕ್ತವಾದ ನಾಡಿನ ಮೇವಿನ ಹುಲ್ಲು – ಬೇಸಾಯ ಹಾಗೂ ಪಾಲನೆ

ರಾಜ್ಯದ ಮಳೆಯಾಶ್ರಿತ ಪ್ರದೇಶಗಳಲ್ಲಿ ಹೈನುಗಾರಿಕೆ ಹಾಗೂ ಕುರಿ ಸಾಕಾಣಿಕೆಯು ಸಣ್ಣ ಮತ್ತು ಅತಿಸಣ್ಣ ರೈತರ ಮುಖ್ಯ ಆಧಾರವಾಗಿದೆ. ಮುಂಗಾರು ತಡವಾದ ವರ್ಷಗಳಲ್ಲಿ ಈ ಕುಟುಂಬಗಳು ಮೊದಲು ಎದುರಿಸುವ ಕೊರತೆ ಮೇವಿನದು. ಹಿಂದಿನ ವರ್ಷದ ರಾಗಿ ಹುಲ್ಲಿನ ಬಣವೆ ಮುಗಿದು, ಹೊಸ ಬೆಳೆಯ ಹುಲ್ಲು ಕೈಗೆ ಬರುವ ಮೊದಲಿನ ಅವಧಿಯಲ್ಲಿ ಹಾಲು ಕರೆಯುವ ರಾಸುಗಳನ್ನೇ ಸಂತೆಯಲ್ಲಿ ಕಡಿಮೆ ಬೆಲೆಗೆ ಮಾರಬೇಕಾದ ಪ್ರಸಂಗ ಒದಗುತ್ತದೆ. ಈ ಅವಧಿಯನ್ನು ದಾಟಲು ನೆರವಾಗಬಲ್ಲ ನಾಡಿನ ವಾರ್ಷಿಕ ಹುಲ್ಲುಗಳಲ್ಲಿ ಕೊರಲೆ ಪ್ರಮುಖವಾದುದು. ಇದರ ಬೇಸಾಯ ಕ್ರಮ, ಕಟಾವಿನ ಕಾಲ, ರಾಸುಗಳಿಗೆ ನೀಡುವಾಗ ವಹಿಸಬೇಕಾದ ಎಚ್ಚರಿಕೆ ಹಾಗೂ ಬೀಜ ಉಳಿಸಿಕೊಳ್ಳುವ ವಿಧಾನವನ್ನು ಈ ಕೆಳಗೆ ವಿವರಿಸಲಾಗಿದೆ.

ಬೆಳೆಯ ಪರಿಚಯ

ಕೊರಲೆಯು ಹುಲ್ಲಿನ ಕುಟುಂಬಕ್ಕೆ ಸೇರಿದ ಕಿರುಧಾನ್ಯ. ಇದರ ಸಸ್ಯಶಾಸ್ತ್ರೀಯ ಹೆಸರು ಯುರೋಕ್ಲೋವ ರಮೋಸ. ಹಿಂದಿನ ಗ್ರಂಥಗಳಲ್ಲಿ ಬ್ರೇಕಿಯೇರಿಯ ರಮೋಸ ಎಂದು ನಮೂದಾಗಿದೆ. ತುಮಕೂರು, ಚಿತ್ರದುರ್ಗ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳು ಹಾಗೂ ನೆರೆಯ ಆಂಧ್ರಪ್ರದೇಶದ ಅನಂತಪುರದ ಭಾಗದಲ್ಲಿ ಇದರ ಬೇಸಾಯ ಇಂದಿಗೂ ಉಳಿದುಕೊಂಡಿದೆ. ಗಿಡವು ಸಾಮಾನ್ಯವಾಗಿ 60 ರಿಂದ 90 ಸೆಂ.ಮೀ. ಎತ್ತರ ಬೆಳೆಯುತ್ತದೆ. ಕಾಂಡ ಸಪೂರ, ಎಲೆ ಮೃದು. ಆದುದರಿಂದ ರಾಸುಗಳು ಇದನ್ನು ಹೆಚ್ಚು ಉಳಿಸದೆ ತಿನ್ನುತ್ತವೆ.

ಈ ಬೆಳೆಯು ದಕ್ಷಿಣ ಭಾರತದಲ್ಲಿಯೇ ಕೃಷಿಗೆ ಒಳಪಟ್ಟುದೆಂದು ಪುರಾತತ್ವ ಅಧ್ಯಯನಗಳು ತಿಳಿಸುತ್ತವೆ. ಬಳ್ಳಾರಿ ಸಮೀಪದ ಸಂಗನಕಲ್ಲು ಮತ್ತು ಹಾವೇರಿ ಜಿಲ್ಲೆಯ ಹಳ್ಳೂರಿನ ನವಶಿಲಾಯುಗದ ನೆಲೆಗಳಲ್ಲಿ ಕೊರಲೆಯ ಸುಟ್ಟ ಕಾಳುಗಳು ಹುರುಳಿಯೊಡನೆ ದೊರೆತಿವೆ. ಸುಮಾರು 4,000 ವರ್ಷಗಳ ಹಿಂದೆ ಇಲ್ಲಿ ವಾಸವಿದ್ದ ಜನರು ಪಶುಪಾಲಕರೂ ಆಗಿದ್ದರು. ಸಗಣಿಯನ್ನು ರಾಶಿ ಹಾಕಿ ಸುಟ್ಟುದರಿಂದ ಉಂಟಾದ ಬೂದಿ ದಿಬ್ಬಗಳು ಬಳ್ಳಾರಿಯ ಸುತ್ತಮುತ್ತ ಇಂದಿಗೂ ಕಾಣಸಿಗುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಕೊರಲೆಯು ಭಾರತದಿಂದ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ತಲುಪಿ, ಅಲ್ಲಿನ ಆಗ್ನೇಯ ರಾಜ್ಯಗಳಲ್ಲಿ ಹುಲ್ಲುಗಾವಲು, ಒಣ ಮೇವು ಹಾಗೂ ಪಕ್ಷಿಗಳ ಆಹಾರದ ಬೆಳೆಯಾಗಿ ಬಳಕೆಯಲ್ಲಿದೆ.

ಬೀಜ ಕೊಳ್ಳುವಾಗ ಹೆಸರಿನ ಬಗ್ಗೆ ಎಚ್ಚರಿಕೆ ಅಗತ್ಯ. ತೆಲುಗಿನಲ್ಲಿ ಕೊರಲೆಗೆ ‘ಅಂಡು ಕೊರ್ರಲು’ ಎಂದೂ, ನವಣೆಗೆ ‘ಕೊರ್ರಲು’ ಎಂದೂ ಹೆಸರು. ಗಡಿಭಾಗದ ಸಂತೆಗಳಲ್ಲಿ ಒಂದನ್ನು ಕೇಳಿ ಮತ್ತೊಂದನ್ನು ತರುವ ಸಾಧ್ಯತೆ ಇರುವುದರಿಂದ ಬೀಜವನ್ನು ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.

ಮೇವಿಗೋ ಕಾಳಿಗೋ: ಬಿತ್ತನೆಗೆ ಮೊದಲೇ ನಿರ್ಧಾರ

ಕೊರಲೆಯಿಂದ ಕಾಳು ಮತ್ತು ಹುಲ್ಲು ಎರಡೂ ದೊರೆಯುತ್ತವೆಂಬುದು ನಿಜ. ಆದರೆ ಒಂದೇ ತಾಕಿನಿಂದ ಉತ್ತಮ ಮೇವು ಮತ್ತು ಪೂರ್ಣ ಕಾಳಿನ ಇಳುವರಿ ಎರಡನ್ನೂ ನಿರೀಕ್ಷಿಸಲಾಗದು. ತೆನೆ ಹೊರಬರುವ ಹಂತದವರೆಗೆ ಎಲೆ ಮತ್ತು ಕಾಂಡದಲ್ಲಿ ಸಸಾರಜನಕದ ಅಂಶ ಹೆಚ್ಚಿದ್ದು, ಹುಲ್ಲು ಸುಲಭವಾಗಿ ಜೀರ್ಣವಾಗುತ್ತದೆ. ಕಾಳು ಕಟ್ಟಲಾರಂಭಿಸಿದ ಮೇಲೆ ಪೋಷಕಾಂಶಗಳು ಕಾಳಿನ ಕಡೆಗೆ ಸಾಗಿ, ಕಾಂಡದಲ್ಲಿ ನಾರಿನಂಶ ಹೆಚ್ಚುತ್ತದೆ. ಕಾಳು ಒಕ್ಕಿದ ನಂತರ ಉಳಿಯುವ ಹುಲ್ಲು ಹೊಟ್ಟೆ ತುಂಬಿಸುವುದೇ ಹೊರತು ಹಾಲಿನ ಇಳುವರಿಯನ್ನು ಹೆಚ್ಚಿಸುವುದಿಲ್ಲ.

ಇನ್ನೊಂದೆಡೆ, ಇಡೀ ತಾಕನ್ನು ಮೇವಿಗಾಗಿ ಕೊಯ್ದ ರೈತರ ಬಳಿ ಮುಂದಿನ ವರ್ಷಕ್ಕೆ ಬೀಜ ಉಳಿಯುವುದಿಲ್ಲ. ಕೊರಲೆಯ ಬೀಜ ಎಲ್ಲ ಅಂಗಡಿಗಳಲ್ಲಿಯೂ ದೊರೆಯುವಂಥದಲ್ಲ. ಒಂದು ಊರಿನಲ್ಲಿ ಬೀಜ ತಪ್ಪಿದರೆ ಆ ಊರಿನಲ್ಲಿ ಬೆಳೆಯೇ ತಪ್ಪಿದಂತೆ. ಆದುದರಿಂದ ಬಿತ್ತನೆಗೆ ಮೊದಲೇ ತಾಕನ್ನು ಎರಡು ಭಾಗವಾಗಿ ಗುರುತಿಸಿಕೊಳ್ಳುವುದು ಸೂಕ್ತ. ಒಂದು ಎಕರೆಯಲ್ಲಿ ಬಿತ್ತುವವರು 35 ಗುಂಟೆಯನ್ನು ಮೇವಿಗೂ 5 ಗುಂಟೆಯನ್ನು ಬೀಜಕ್ಕೂ ಮೀಸಲಿಟ್ಟಲ್ಲಿ, ಮುಂದಿನ ವರ್ಷ ಎಕರೆಗೆ ಬೇಕಾಗುವ ಬೀಜ ದೊರೆತು ಮನೆ ಬಳಕೆಗೂ ಸ್ವಲ್ಪ ಕಾಳು ಮಿಗುತ್ತದೆ.

ಮಣ್ಣು ಮತ್ತು ಭೂಮಿ ಸಿದ್ಧತೆ

ನೀರು ಬಸಿದು ಹೋಗುವ ಕೆಂಪು ಮರಳು ಮಿಶ್ರಿತ ಮಣ್ಣು ಮತ್ತು ಜಲ್ಲಿಯಿಂದ ಕೂಡಿದ ಹಗುರ ಮಣ್ಣಿನಲ್ಲಿ ಕೊರಲೆ ಚೆನ್ನಾಗಿ ಬೆಳೆಯುತ್ತದೆ. ನೀರು ನಿಲ್ಲುವ ತಗ್ಗು ಪ್ರದೇಶಗಳನ್ನು ಬಿಡುವುದು ಒಳ್ಳೆಯದು. ಭಾಗಶಃ ನೆರಳನ್ನು ಸಹಿಸುವುದು ಈ ಬೆಳೆಯ ವಿಶೇಷ ಗುಣ. ಹುಣಸೆ, ಹೊಂಗೆ ಮುಂತಾದ ಮರಗಳ ಕೆಳಗೆ ಇತರ ಬೆಳೆ ಬಾರದ ಜಾಗದಲ್ಲಿ ಹಾಗೂ ಎಳೆಯ ತೋಟಗಳ ಸಾಲುಗಳ ನಡುವೆ ಇದನ್ನು ಬಿತ್ತಬಹುದು.

ಮಾಗಿ ಉಳುಮೆ ಮಾಡಿದ ಭೂಮಿಯನ್ನು ಮೊದಲ ಮಳೆಯ ನಂತರ ಕುಂಟೆ ಹೊಡೆದು ಹದಗೊಳಿಸಬೇಕು. ಬೀಜ ಅತಿ ಸಣ್ಣದಾಗಿರುವುದರಿಂದ ಹೆಂಟೆಗಳಿಲ್ಲದಂತೆ ಮಣ್ಣನ್ನು ಪುಡಿ ಮಾಡುವುದು ಅವಶ್ಯಕ. ಎಕರೆಗೆ 2 ರಿಂದ 3 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬಿತ್ತನೆಗೆ ಎರಡು ಮೂರು ವಾರ ಮುಂಚಿತವಾಗಿ ಮಣ್ಣಿಗೆ ಸೇರಿಸಬೇಕು.

ಬಿತ್ತನೆ

ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ, ಅಂದರೆ ಮೃಗಶಿರ ಮಳೆಯಿಂದ ಆಶ್ಲೇಷ ಮಳೆಯವರೆಗೆ ಕೊರಲೆಯನ್ನು ಬಿತ್ತಬಹುದು. ಮುಂಗಾರು ಕೈಕೊಟ್ಟು ರಾಗಿ ಅಥವಾ ಶೇಂಗಾ ಬಿತ್ತನೆಯ ಕಾಲ ಮೀರಿದ ಜಮೀನಿಗೂ ಅಲ್ಪಾವಧಿಯ ಈ ಬೆಳೆ ಹೊಂದುತ್ತದೆ.

1. ಕಾಳಿಗಾಗಿ ಸಾಲು ಬಿತ್ತನೆ: ಎಕರೆಗೆ 4 ರಿಂದ 5 ಕೆ.ಜಿ. ಬೀಜ, ಸಾಲಿನಿಂದ ಸಾಲಿಗೆ ಸುಮಾರು 30 ಸೆಂ.ಮೀ. ಅಂತರ.

2. ಮೇವಿಗಾಗಿ ಚೆಲ್ಲಿ ಬಿತ್ತನೆ: ಎಕರೆಗೆ 6 ರಿಂದ 8 ಕೆ.ಜಿ. ಬೀಜ. ದಟ್ಟವಾಗಿ ಬೆಳೆದಲ್ಲಿ ಕಾಂಡ ಸಪೂರವಾಗಿ ಮೇವು ಮೃದುವಾಗುತ್ತದೆ, ಕಳೆಯೂ ಹತೋಟಿಗೆ ಬರುತ್ತದೆ.

3. ಆಳ: ಬೀಜವು 1 ರಿಂದ 2 ಸೆಂ.ಮೀ.ಗಿಂತ ಆಳಕ್ಕೆ ಬೀಳಬಾರದು. ಬೀಜದ ಎರಡು ಮೂರು ಪಟ್ಟು ಮರಳನ್ನು ಬೆರೆಸಿ ಬಿತ್ತಿದಲ್ಲಿ ಬೀಜ ಸಮನಾಗಿ ಹರಡುತ್ತದೆ.

ಮೇವಿನ ತಾಕಿನಲ್ಲಿ ಹುರುಳಿ ಅಥವಾ ಅಲಸಂದೆಯನ್ನು ಮಿಶ್ರ ಬೆಳೆಯಾಗಿ ಬಿತ್ತುವುದು ಲಾಭದಾಯಕ. ದ್ವಿದಳ ಬೆಳೆಯು ಮೇವಿಗೆ ಸಸಾರಜನಕವನ್ನು ಒದಗಿಸುವುದಲ್ಲದೆ ಮಣ್ಣಿನ ಫಲವತ್ತತೆಗೂ ನೆರವಾಗುತ್ತದೆ.

ಗೊಬ್ಬರ ಮತ್ತು ಕಳೆ ನಿರ್ವಹಣೆ

ಮಣ್ಣು ಪರೀಕ್ಷೆಯ ಆಧಾರದ ಮೇಲೆ ಗೊಬ್ಬರ ನೀಡುವುದು ಉತ್ತಮ. ಕೊಟ್ಟಿಗೆ ಗೊಬ್ಬರ ಹಾಕಿದ ಜಮೀನಿಗೆ ಎಕರೆಗೆ ಸುಮಾರು 8 ಕೆ.ಜಿ. ಸಾರಜನಕ, ಅಂದರೆ 17 ರಿಂದ 18 ಕೆ.ಜಿ. ಯೂರಿಯಾ ಸಾಕಾಗುತ್ತದೆ. ಹುಲ್ಲು ಹಸಿರಾಗಿ ಕಾಣಲೆಂದು ಇದಕ್ಕಿಂತ ಹೆಚ್ಚು ಯೂರಿಯಾ ಹಾಕುವುದು ಖರ್ಚಿನ ದೃಷ್ಟಿಯಿಂದ ಮಾತ್ರವಲ್ಲದೆ ರಾಸುಗಳ ಪ್ರಾಣದ ದೃಷ್ಟಿಯಿಂದಲೂ ಅಪಾಯಕಾರಿ. ಇದರ ಕಾರಣವನ್ನು ಮುಂದೆ ತಿಳಿಸಲಾಗಿದೆ.

ಸಾಲಿನಲ್ಲಿ ಬಿತ್ತಿದ ಬೆಳೆಗೆ 20 ರಿಂದ 25 ದಿನಗಳಲ್ಲಿ ಒಮ್ಮೆ ಎಡೆಕುಂಟೆ ಹಾಯಿಸಿ ಕಳೆ ತೆಗೆಯಬೇಕು. ನಂತರ ಬೆಳೆಯೇ ನೆಲವನ್ನು ಮುಚ್ಚಿಕೊಳ್ಳುತ್ತದೆ.

ಮೇವಿನ ಕಟಾವು

ಬಿತ್ತಿದ 45 ರಿಂದ 50 ದಿನಗಳಲ್ಲಿ, ಬೆಳೆ ಹೊಡೆ ತುಂಬಿ ತೆನೆ ಇಣುಕಲಾರಂಭಿಸುವ ಹಂತವೇ ಮೇವಿನ ಕಟಾವಿಗೆ ತಕ್ಕ ಕಾಲ. ಒಂದು ವಾರ ಮೊದಲೇ ಕೊಯ್ದರೆ ಮೇವಿನ ತೂಕ ಕಡಿಮೆ. ಕಾಳು ಗಟ್ಟಿಯಾಗುವವರೆಗೆ ಕಾದರೆ ತೂಕ ಹೆಚ್ಚಿದರೂ ಗುಣ ಕಡಿಮೆ. ನೆಲದಿಂದ ಸುಮಾರು 10 ಸೆಂ.ಮೀ. ಬಿಟ್ಟು ಕೊಯ್ಯಬೇಕು. ಮಣ್ಣಿನಲ್ಲಿ ತೇವವಿದ್ದಲ್ಲಿ ಕೂಳೆ ಮತ್ತೆ ಚಿಗುರಿ ಸ್ವಲ್ಪ ಮೇವು ದೊರೆಯುತ್ತದೆ. ಆದರೆ ಬಹುವಾರ್ಷಿಕ ಹುಲ್ಲುಗಳಂತೆ ಹಲವು ಕಟಾವುಗಳನ್ನು ಇದರಿಂದ ನಿರೀಕ್ಷಿಸಬಾರದು.

ಒಣ ಮೇವಿಗಾಗಿ ಮೋಡವಿಲ್ಲದ ದಿನಗಳನ್ನು ನೋಡಿ ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ದು, ತೆಳುವಾಗಿ ಹರಡಿ, ದಿನಕ್ಕೆ ಒಂದೆರಡು ಬಾರಿ ತಿರುವಿ ಹಾಕಬೇಕು. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಹುಲ್ಲು ಒಣಗುತ್ತದೆ. ಕಾಂಡವನ್ನು ತಿರುಚಿದಾಗ ತೇವ ಕಾಣದಿದ್ದಲ್ಲಿ ಸಿವುಡು ಕಟ್ಟಿ ಬಣವೆ ಒಟ್ಟಬಹುದು. ತೇವವಿರುವಾಗಲೇ ಒಟ್ಟಿದ ಬಣವೆ ಒಳಗೆ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಹುಲ್ಲನ್ನು ಯಾವ ಕಾರಣಕ್ಕೂ ರಾಸುಗಳಿಗೆ ನೀಡಬಾರದು. ಅದನ್ನು ಗೊಬ್ಬರದ ಗುಂಡಿಗೆ ಹಾಕತಕ್ಕದ್ದು.

ರಾಸುಗಳಿಗೆ ನೀಡುವ ಕ್ರಮ ಮತ್ತು ಎಚ್ಚರಿಕೆ

ರಾಸುವಿಗೆ ಅದರ ದೇಹ ತೂಕದ ಶೇ. 2 ರಿಂದ 2.5ರಷ್ಟು ಶುಷ್ಕ ಆಹಾರ ದಿನಕ್ಕೆ ಬೇಕಾಗುತ್ತದೆ. 400 ಕೆ.ಜಿ. ತೂಗುವ ಹಸುವಿಗೆ ಇದು 8 ರಿಂದ 10 ಕೆ.ಜಿ. ಆಗುತ್ತದೆ. ಹಸಿ ಮೇವಿನಲ್ಲಿ ಬಹುಪಾಲು ನೀರೇ ಇರುವುದರಿಂದ ಹಸಿ ಕೊರಲೆಯೊಂದನ್ನೇ ನಂಬದೆ, ಒಣ ಹುಲ್ಲು ಮತ್ತು ದ್ವಿದಳ ಮೇವಿನೊಡನೆ ಕತ್ತರಿಸಿ ಬೆರೆಸಿ ನೀಡಬೇಕು. ಹೊಸ ಮೇವನ್ನು ಒಂದು ವಾರದ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿಸುವುದು ಸೂಕ್ತ.

ಎಳೆಯ ಅಥವಾ ಬಾಡಿದ ಜೋಳದ ಬೆಳೆಯಲ್ಲಿ ಸಯನೈಡ್ ವಿಷ ಉಂಟಾಗುವುದನ್ನು ಬಹುಪಾಲು ರೈತರು ಬಲ್ಲರು. ಕೊರಲೆಯಲ್ಲಿ ಆ ಭಯವಿಲ್ಲ. ಆದರೆ ಇತರ ವಾರ್ಷಿಕ ಹುಲ್ಲುಗಳಂತೆ ಇದರಲ್ಲಿಯೂ ನೈಟ್ರೇಟ್ ಸಂಗ್ರಹವಾಗುವ ಸಾಧ್ಯತೆ ಇದೆ. ಹೆಚ್ಚು ಯೂರಿಯಾ ಹಾಕಿದ ಬೆಳೆ ಬರಕ್ಕೆ ಸಿಕ್ಕಿದಾಗ, ಬೇರು ಹೀರಿಕೊಂಡ ಸಾರಜನಕವು ಸಸಾರಜನಕವಾಗಿ ಮಾರ್ಪಡದೆ ಕಾಂಡದ ಕೆಳಭಾಗದಲ್ಲಿ ನೈಟ್ರೇಟ್ ರೂಪದಲ್ಲಿಯೇ ಉಳಿಯುತ್ತದೆ. ಅಂಥ ಮೇವನ್ನು ತಿಂದ ರಾಸುವಿನ ರಕ್ತವು ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಈ ಕೆಳಗಿನ ಕ್ರಮಗಳನ್ನು ತಪ್ಪದೆ ಪಾಲಿಸಬೇಕು:

1. ಬರದಿಂದ ಬಾಡಿದ ಬೆಳೆಗೆ ಮಳೆ ಬಿದ್ದಲ್ಲಿ, ಕನಿಷ್ಠ ಒಂದು ವಾರ ಕಳೆಯುವವರೆಗೆ ಕೊಯ್ಯಬಾರದು, ಮೇಯಿಸಬಾರದು.

2. ಬಾಡಿದ ಬೆಳೆಯನ್ನು ಕೊಯ್ಯಲೇಬೇಕಾದಲ್ಲಿ ಕಾಂಡದ ಕೆಳಭಾಗವನ್ನು ಹೆಚ್ಚಾಗಿ ಬಿಟ್ಟು ಮೇಲಿನಿಂದ ಕೊಯ್ದು, ಇತರ ಮೇವಿನೊಡನೆ ಬೆರೆಸಬೇಕು.

3. ಹಸಿದ ರಾಸುಗಳನ್ನು ನೇರವಾಗಿ ಹಸಿ ತಾಕಿಗೆ ಬಿಡಬಾರದು. ಮೊದಲು ಒಣ ಹುಲ್ಲು ನೀಡಬೇಕು.

4. ಒಣಗಿಸುವುದರಿಂದ ನೈಟ್ರೇಟ್ ಹೋಗುವುದಿಲ್ಲವೆಂಬುದನ್ನು ನೆನಪಿಡಬೇಕು.

ಮೇವು ತಿಂದ ಕೆಲವು ಗಂಟೆಗಳಲ್ಲಿ ಏದುಸಿರು, ನಡುಕ, ತೂರಾಡುವಿಕೆ, ಒಸಡು ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗುವುದು ಕಂಡುಬಂದಲ್ಲಿ ಆ ಮೇವನ್ನು ಕೂಡಲೇ ನಿಲ್ಲಿಸಿ, ಸಮೀಪದ ಪಶು ಆಸ್ಪತ್ರೆಗೆ ಅಥವಾ ಪಶು ಸಂಚಾರಿ ಚಿಕಿತ್ಸಾ ಸೇವೆಯ ಶುಲ್ಕರಹಿತ ಸಂಖ್ಯೆ 1962ಕ್ಕೆ ತಿಳಿಸಬೇಕು. ಸಕಾಲದಲ್ಲಿ ಪಶುವೈದ್ಯರು ನೀಡುವ ಚುಚ್ಚುಮದ್ದಿನಿಂದ ರಾಸು ಉಳಿಯುವ ಸಾಧ್ಯತೆ ಇದೆ. ಮನೆಮದ್ದಿನಲ್ಲಿ ಕಾಲ ಕಳೆಯುವುದು ತರವಲ್ಲ.

ಬೀಜ ಉಳಿಸಿಕೊಳ್ಳುವ ವಿಧಾನ

ಬೀಜಕ್ಕೆ ಬಿಟ್ಟ ತಾಕು ಸುಮಾರು 75 ರಿಂದ 80 ದಿನಗಳಲ್ಲಿ ಮಾಗುತ್ತದೆ. ಪೂರ್ಣ ಒಣಗುವವರೆಗೆ ಬಿಟ್ಟಲ್ಲಿ ಕಾಳು ಉದುರಿ ನಷ್ಟವಾಗುವುದು. ಆದುದರಿಂದ ಬಹುಪಾಲು ತೆನೆಗಳು ಕಂದು ಬಣ್ಣಕ್ಕೆ ತಿರುಗಿದೊಡನೆ ಬೆಳಗಿನ ತಂಪಿನಲ್ಲಿ ಕೊಯ್ದು, ಕಣದಲ್ಲಿ ಒಣಗಿಸಿ ಒಕ್ಕಬೇಕು. ಬೀಜವನ್ನು ತೂರಿ, ಎರಡು ಮೂರು ಬಿಸಿಲು ಒಣಗಿಸಿ, ತೇವ ತಾಗದಂತೆ ಸಂಗ್ರಹಿಸಿಡಬೇಕು. ನಾಟಿ ಕೊರಲೆಯು ಸಂಕರಣ ತಳಿಯಲ್ಲದ ಕಾರಣ ಉಳಿಸಿದ ಬೀಜವನ್ನು ವರ್ಷದಿಂದ ವರ್ಷಕ್ಕೆ ಬಿತ್ತಬಹುದು. ತಾಕಿನಲ್ಲಿ ಉದುರಿದ ಕಾಳು ಮುಂದಿನ ಮಳೆಗೆ ತಾನಾಗಿ ಹುಟ್ಟುವುದರಿಂದ, ಅಲ್ಲಿ ಬೇರೆ ಕಿರುಧಾನ್ಯವನ್ನು ಬಿತ್ತುವವರು ಬೆರಕೆಯಾಗದಂತೆ ಎಚ್ಚರ ವಹಿಸಬೇಕು.

ಸೌಲಭ್ಯ ಪಡೆಯಲಿಚ್ಛಿಸುವ ರೈತರ ಗಮನಕ್ಕೆ

ಕೊರಲೆಯು ರಾಜ್ಯ ಸರ್ಕಾರದ ‘ರೈತ ಸಿರಿ’ ಯೋಜನೆಯಡಿ ಗುರುತಿಸಲಾದ ಕಿರುಧಾನ್ಯಗಳಲ್ಲಿ ಒಂದು. 2019-20ರಲ್ಲಿ ಯೋಜನೆ ಜಾರಿಗೆ ಬಂದಾಗ ಕಿರುಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂ. ಪ್ರೋತ್ಸಾಹಧನ ನಿಗದಿಪಡಿಸಲಾಗಿತ್ತು. ಅರ್ಜಿ ಸಲ್ಲಿಸುವ ಮುನ್ನ ಆಯಾ ವರ್ಷದ ಮಾರ್ಗಸೂಚಿ ಮತ್ತು ಕೊನೆಯ ದಿನಾಂಕವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸತಕ್ಕದ್ದು. ಅರ್ಜಿದಾರರು ‘ಫ್ರೂಟ್ಸ್’ ತಂತ್ರಾಂಶದಲ್ಲಿ ತಮ್ಮ ಎಲ್ಲ ಸರ್ವೆ ನಂಬರುಗಳನ್ನು ನೋಂದಾಯಿಸಿ ಗುರುತಿನ ಸಂಖ್ಯೆ ಪಡೆದಿರಬೇಕು.

ಮೇವಿಗಾಗಿ ಬಿತ್ತಿದ ಕೊರಲೆಯು ಎರಡು ತಿಂಗಳೊಳಗೆ ಕಟಾವಾಗುವುದರಿಂದ, ಬೆಳೆ ಸಮೀಕ್ಷೆಯ ವೇಳೆಗೆ ಜಮೀನು ಖಾಲಿಯಾಗಿ ಕಾಣುವ ಸಂಭವವಿದೆ. ಬೆಳೆ ನಿಂತಿರುವಾಗಲೇ ಸಮೀಕ್ಷೆಯ ಆ್ಯಪ್ ಮೂಲಕ ಛಾಯಾಚಿತ್ರ ಸಹಿತ ವಿವರ ದಾಖಲಿಸಿ, ಬೆಳೆಯ ಹೆಸರು ‘ಕೊರಲೆ’ ಎಂದೇ ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಹೆಚ್ಚಿನ ತಾಂತ್ರಿಕ ಮಾಹಿತಿಗಾಗಿ ರೈತ ಸಂಪರ್ಕ ಕೇಂದ್ರ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು.