ಎಡಗೈಗೊಂದು ರೈಫಲ್: ಮೌಸರ್ ಪರಂಪರೆಯ ಕೋವಿ ಕಸುಬು

ಬೇಟೆಯ ರೈಫಲ್‌ಗಳಲ್ಲಿ ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬರುವವು ಒಂದು ಬಗೆಯವಾದರೆ, ಒಬ್ಬ ವ್ಯಕ್ತಿಯ ತೋಳಿನ ಉದ್ದ, ಭುಜದ ಅಗಲ ಮತ್ತು ಕಣ್ಣಿನ ಎತ್ತರಕ್ಕೆ ಹೊಂದಿಸಿ ಕುಶಲಕರ್ಮಿಗಳು ಕೈಯಾರೆ ಕಟ್ಟುವವು ಇನ್ನೊಂದು ಬಗೆಯವು. ಈ ಎರಡನೆಯ ಕಸುಬು ಇಂಗ್ಲೆಂಡಿನ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್, ಜರ್ಮನಿಯ ಸೂಲ್, ಆಸ್ಟ್ರಿಯದ ಫೆರ್ಲಾಕ್ ಮೊದಲಾದ ಊರುಗಳಲ್ಲಿಯೂ ಅಮೆರಿಕದ ಹಲವು ಸಣ್ಣ ಕಾರ್ಯಾಗಾರಗಳಲ್ಲಿಯೂ ಇಂದಿಗೂ ನಡೆದುಬಂದಿದೆ. ಅಲ್ಲಿಗೆ ಬರುವ ಬೇಡಿಕೆಗಳಲ್ಲಿ ಮೇಲ್ನೋಟಕ್ಕೆ ಸರಳವೆನಿಸಿದರೂ ಕೆಲಸಗಾರನನ್ನು ಹೆಚ್ಚು ಕಾಡುವುದು ಎಡಚರಿಗಾಗಿ ಹಳೆಯ, ಹೆಸರಾಂತ ಕ್ಯಾಲಿಬರ್‌ನಲ್ಲಿ ಒಂದು ಬೋಲ್ಟ್ ಆಕ್ಷನ್ ರೈಫಲ್ ಕಟ್ಟಿಕೊಡಬೇಕೆಂಬ ಬೇಡಿಕೆ.

ಬೋಲ್ಟ್ ಎಂದರೆ ಬಾಗಿಲಿನ ಅಗುಳಿಯಂತೆ ಹಿಂದೆ ಮುಂದೆ ಸರಿದು, ತಿರುಗಿ, ಬೀಗವಾಗುವ ಉಕ್ಕಿನ ದಂಡ. ಅದು ತೋಟಾವನ್ನು ನಳಿಗೆಯ ಹಿಂಬದಿಯ ಗೂಡಿಗೆ ತಳ್ಳಿ, ಗುಂಡು ಹಾರುವಾಗಿನ ಒತ್ತಡವನ್ನು ತಡೆದು, ಬಳಿಕ ಖಾಲಿ ಕೊಳವೆಯನ್ನು ಹೊರಗೆಸೆಯುತ್ತದೆ. ಈ ದಂಡ, ಅದು ಓಡಾಡುವ ಉಕ್ಕಿನ ಚೌಕಟ್ಟು ಮತ್ತು ಅವುಗಳಿಗೆ ಅಂಟಿಕೊಂಡ ಭಾಗಗಳು ಸೇರಿದ ಯಂತ್ರವೇ ಆಕ್ಷನ್. ಸಾಮಾನ್ಯ ರೈಫಲ್‌ನಲ್ಲಿ ಬೋಲ್ಟ್‌ನ ಹಿಡಿಕೆಯೂ ಖಾಲಿ ಕೊಳವೆ ಹೊರಬೀಳುವ ಕಿಂಡಿಯೂ ಬಲಬದಿಗಿರುತ್ತವೆ. ಎಡಭುಜಕ್ಕೆ ಕೋವಿಯಾನಿಸುವವನ ಮುಖವೂ ಅದೇ ಬದಿಗೆ ಬರುವುದರಿಂದ, ಎರಡನೆಯ ಈಡಿಗಾಗಿ ಅವನು ಎಡಗೈಯನ್ನು ಕೋವಿಯ ಮೇಲಿಂದ ದಾಟಿಸಬೇಕಾಗುತ್ತದೆ. ತೋಟಾದ ಕೊಳವೆ ಎಂದಾದರೂ ಸೀಳಿತೆಂದರೆ ಬಿಸಿ ಅನಿಲ ನುಗ್ಗುವ ಕಿಂಡಿಯೂ ಅವನ ಕೆನ್ನೆಯ ಮುಂದೆಯೇ ಇರುತ್ತದೆ. ಆದ್ದರಿಂದ ಎಡಬದಿಯ ಆಕ್ಷನ್ ಅನುಕೂಲಕ್ಕೆಂದು ಮಾತ್ರ ಬೇಕಾದದ್ದಲ್ಲ, ಸುರಕ್ಷತೆಗೂ ಬೇಕಾದದ್ದು.

ಹಾಗಿದ್ದೂ ಅಂತಹ ಆಕ್ಷನ್ ವಿರಳವಾಗಿರುವುದಕ್ಕೆ ಕಾರಣ ಸೈನ್ಯಗಳ ಚರಿತ್ರೆಯಲ್ಲಿದೆ. ಜರ್ಮನಿಯ ಓಬರ್ನ್‌ಡಾರ್ಫ್ ಊರಿನ ಪೀಟರ್ ಪಾಲ್ ಮೌಸರ್ (1838–1914) ರೂಪಿಸಿದ, 1898ರಲ್ಲಿ ಜರ್ಮನ್ ಸೈನ್ಯ ಒಪ್ಪಿಕೊಂಡ ಮಾದರಿಯೇ ಅನಂತರದ ಬಹುಪಾಲು ಬೋಲ್ಟ್ ರೈಫಲ್‌ಗಳ ಮೂಲ. ಸೈನ್ಯಕ್ಕೆ ಬೇಕಾಗಿದ್ದುದು ಯಾರ ಕೈಗಾದರೂ ಕೊಡಬಹುದಾದ ಒಂದೇ ಅಚ್ಚಿನ ಆಯುಧವಾದ್ದರಿಂದ, ಎಡಚ ಸಿಪಾಯಿಗೆ ಬಲಗೈ ಪದ್ಧತಿಯನ್ನು ಕಲಿಸಲಾಯಿತೇ ಹೊರತು ಅವನಿಗಾಗಿ ಬೇರೆ ಕೋವಿ ಮಾಡಲಿಲ್ಲ. ಎರಡು ಮಹಾಯುದ್ಧಗಳ ಬಳಿಕ ಅಗ್ಗಕ್ಕೆ ಸಿಕ್ಕ ಸೈನ್ಯದ ಹಳೆಯ ಮೌಸರ್‌ಗಳೇ ಖಾಸಗಿ ಕೋವಿ ತಯಾರಕರಿಗೆ ದಶಕಗಟ್ಟಲೆ ಕಚ್ಚಾವಸ್ತುವಾದವು. ಈ ಸಮೃದ್ಧಿಯಲ್ಲಿ ಎಡಚರಿಗೆ ಪಾಲಿರಲಿಲ್ಲ. ಅಮೆರಿಕದ ಸ್ಯಾವೇಜ್ ಸಂಸ್ಥೆಯು ತನ್ನ 110 ಮಾದರಿಯನ್ನು 1950ರ ದಶಕದ ಕೊನೆಯಲ್ಲಿ ಎಡಬದಿಯ ರೂಪದಲ್ಲಿಯೂ ಮಾರುಕಟ್ಟೆಗೆ ತಂದ ಮೇಲೆಯೇ ಸಾಧಾರಣ ಬೆಲೆಗೆ ಅಂತಹ ಕೋವಿ ಸಿಗುವಂತಾಯಿತು.

ಬಲಬದಿಯ ಆಕ್ಷನ್‌ನ ಹಿಡಿಕೆಯೊಂದನ್ನು ಕಿತ್ತು ಎಡಕ್ಕೆ ಕೂರಿಸುವ ಪ್ರಯತ್ನಗಳೂ ನಡೆದಿವೆ. ಕಿಂಡಿ ಬಲಕ್ಕೇ ಉಳಿಯುವುದರಿಂದ ಅದು ಅರೆಮನಸ್ಸಿನ ಕೆಲಸವೆಂದೇ ಹೇಳಬೇಕು. ನಿಜವಾದ ಎಡಬದಿಯ ಮೌಸರ್‌ನಲ್ಲಿ ಬೋಲ್ಟ್ ತಿರುಗುವ ದಿಕ್ಕು, ಅದನ್ನು ಬೀಗ ಹಾಕುವ ಉಬ್ಬುಗಳು ಜಾರುವ ಓರೆಗಳು, ಸುರಕ್ಷತೆಯ ಕೀಲಿ ಎಲ್ಲವೂ ಅದಲುಬದಲಾಗಬೇಕು. ಜೊತೆಗೆ, ತೋಟಾ ಮ್ಯಾಗಜಿನ್‌ನಿಂದ ಮೇಲೇಳುತ್ತಿರುವಾಗಲೇ ಅದರ ಅಂಚನ್ನು ಕಚ್ಚಿ, ಹೊರಗೆಸೆಯುವವರೆಗೂ ಬಿಡದ ಉದ್ದನೆಯ ಉಕ್ಕಿನ ಉಗುರೂ ಎದುರು ಬದಿಗೆ ಹೋಗಬೇಕು. ಮೌಸರ್‌ನ ಕೀರ್ತಿಗೆ ಮುಖ್ಯ ಕಾರಣವೇ ಈ ಉಗುರು. ಹೀಗೆ ಆಕ್ಷನ್ ಅನ್ನು ಉಕ್ಕಿನ ಗಟ್ಟಿಯಿಂದ ಹೊಸದಾಗಿಯೇ ಕಡೆಯಬೇಕಾಗುವುದರಿಂದ ಒಟ್ಟು ವೆಚ್ಚದ ದೊಡ್ಡ ಭಾಗ ಇಲ್ಲಿಯೇ ಕರಗುತ್ತದೆ.

ಕ್ಯಾಲಿಬರ್ ಎಂದರೆ ಸ್ಥೂಲವಾಗಿ ನಳಿಗೆಯ ಒಳವ್ಯಾಸ. ಬಳಕೆಯಲ್ಲಿ ಅದು ತೋಟಾದ ಜಾತಿಯನ್ನೂ ಸೂಚಿಸುತ್ತದೆ. ಹಳೆಯ ಕ್ಯಾಲಿಬರ್‌ಗಳಲ್ಲಿ ಎಡಗೈ ರೈಫಲ್‌ಗೆ ಆರಿಸಿಕೊಳ್ಳಲು ಅತ್ಯಂತ ಯೋಗ್ಯವಾದುದು 7×57 ಮೌಸರ್. ಇದರಲ್ಲಿ 7 ಎಂಬುದು ಮಿಲಿಮೀಟರ್‌ಗಳಲ್ಲಿ ನಳಿಗೆಯ ವ್ಯಾಸವನ್ನೂ 57 ಎಂಬುದು ತೋಟಾದ ಕೊಳವೆಯ ಉದ್ದವನ್ನೂ ಹೇಳುತ್ತದೆ. 1890ರ ದಶಕದ ಆರಂಭದಲ್ಲಿ ಹುಟ್ಟಿ, 1893ರಲ್ಲಿ ಸ್ಪೇನ್ ಸೈನ್ಯದ ತೋಟಾ ಆದ ಇದರ ರುಚಿಯನ್ನು ಬ್ರಿಟಿಷರು 1899–1902ರ ಬೋಅರ್ ಯುದ್ಧದಲ್ಲಿ ಎದುರಾಳಿಗಳ ಕೈಯಿಂದ ಕಂಡರು. ಲಂಡನ್ನಿನ ಜಾನ್ ರಿಗ್ಬಿ ಸಂಸ್ಥೆಯು ಹಗುರವಾದ 140 ಗ್ರೇನ್ ತೂಕದ, ಅಂದರೆ ಸುಮಾರು 9 ಗ್ರಾಂನ ಗುಂಡಿನೊಡನೆ ಇದನ್ನು .275 ರಿಗ್ಬಿ ಎಂಬ ಇಂಗ್ಲಿಷ್ ಹೆಸರಿನಲ್ಲಿ ಜನಪ್ರಿಯಗೊಳಿಸಿತು. 436 ಜನರನ್ನು ಕೊಂದಿತೆನ್ನಲಾದ ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಹೊಡೆದ ಜಿಮ್ ಕಾರ್ಬೆಟ್‌ಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಜಾನ್ ಹೆವೆಟ್ ಕೊಡಿಸಿದ ಬಹುಮಾನ ಈ ಕ್ಯಾಲಿಬರ್‌ನ ರಿಗ್ಬಿ ರೈಫಲ್ಲೇ. ಆಫ್ರಿಕದಲ್ಲಿ ಕರಮೋಜೊ ಬೆಲ್ ಎಂದು ಹೆಸರಾದ ಬೇಟೆಗಾರ ಸಾವಿರಕ್ಕೂ ಮಿಕ್ಕ ಆನೆಗಳನ್ನು ಕೊಂದು, ಅವುಗಳಲ್ಲಿ ದೊಡ್ಡ ಪಾಲನ್ನು ಇದರಿಂದಲೇ ಉರುಳಿಸಿದ. ಅದು ಅವನ ಅಂಗರಚನಾ ಜ್ಞಾನಕ್ಕೂ ಆ ಕಾಲದ ನಿರ್ದಯತೆಗೂ ಸಾಕ್ಷಿಯೇ ಹೊರತು ಅನುಕರಿಸಬೇಕಾದ ಮಾದರಿಯಲ್ಲ. ಈ ತೋಟಾ ನಿಜವಾಗಿ ಸಲ್ಲುವುದು ಜಿಂಕೆಯಂತಹ ಮಧ್ಯಮ ಗಾತ್ರದ ಪ್ರಾಣಿಗಳಿಗೆ. ಭುಜಕ್ಕೆ ಕೊಡುವ ಒದೆತ ಮೃದುವಾದ್ದರಿಂದ ಗುರಿ ಕೆಡುವುದು ಕಡಿಮೆ.

ಸ್ಟಾಕ್ ಎಂದು ಕರೆಯುವ ಮರದ ಹಿಡಿಯಲ್ಲಿಯೇ ಕಸುಬುದಾರನ ಯೋಗ್ಯತೆ ಬಯಲಾಗುತ್ತದೆ. ಇದಕ್ಕೆ ಟರ್ಕಿ, ಕಾಕಸಸ್ ಮುಂತಾದ ಕಡೆಯ ಅಕ್ರೋಟ್ ಮರ ಶ್ರೇಷ್ಠವೆನಿಸಿದ್ದು, ಕೊಯ್ದ ಹಲಗೆಯನ್ನು ವರ್ಷಗಟ್ಟಲೆ ಒಣಗಿಸದೆ ಮುಟ್ಟುವಂತಿಲ್ಲ. ಹಸಿ ಉಳಿದ ಮರ ಮಳೆಗಾಲ, ಬೇಸಗೆಗಳಲ್ಲಿ ಹಿಗ್ಗಿ ಕುಗ್ಗಿ ನಳಿಗೆಯನ್ನು ಒತ್ತಿದರೆ ನಿನ್ನೆ ನೆಟ್ಟಗೆ ಹೋಗುತ್ತಿದ್ದ ಗುಂಡು ಇಂದು ಬೇರೆಡೆ ಬೀಳುತ್ತದೆ. ಗ್ರಾಹಕರು ಮೆಚ್ಚುವ ಅಲೆಯಲೆಯಾದ ಚಿತ್ತಾರ ಹಿಂಭಾಗದಲ್ಲಿದ್ದರೆ ಚೆನ್ನ, ಆದರೆ ಕೈ ಸುತ್ತಿ ಹಿಡಿಯುವ ತೆಳು ಭಾಗದಲ್ಲಿ ಮರದ ಎಳೆ ನೇರವಾಗಿಯೇ ಸಾಗಬೇಕು, ಇಲ್ಲವಾದರೆ ಅಲ್ಲಿಯೇ ಸೀಳುತ್ತದೆ. ಬಲಗೈಯವರ ಹಿಡಿ ನಳಿಗೆಯ ನೇರದಿಂದ ತುಸು ಬಲಕ್ಕೆ ಬಾಗಿರುತ್ತದೆ. ಎಡಚರದು ಎಡಕ್ಕೆ ಬಾಗಿ, ಕೆನ್ನೆಯೊರಗುವ ಉಬ್ಬು ಬಲಮೈಯಲ್ಲಿರಬೇಕು. ಕುದುರೆ ಎನ್ನುವ ಟ್ರಿಗರ್‌ನಿಂದ ಹಿಡಿಯ ಹಿಂತುದಿಯವರೆಗಿನ ದೂರ, ಕೆನ್ನೆ ಒರಗುವ ಅಂಚಿನ ಇಳಿತ ಇವುಗಳನ್ನು ಅಳೆಯಲು, ಭಾಗಗಳನ್ನು ಬೇಕಾದಂತೆ ಹೊಂದಿಸಬಲ್ಲ ಟ್ರೈ ಗನ್ ಎಂಬ ಕೋವಿಯನ್ನು ಇಂಗ್ಲಿಷ್ ತಯಾರಕರು ಬಳಸುತ್ತಾರೆ. ಅಗಸೆ ಎಣ್ಣೆಯನ್ನು ಪದರ ಪದರವಾಗಿ ಕೈಯಿಂದ ತಿಕ್ಕಿ ಹೊಳಪು ಬರಿಸುವ ಕೆಲಸಕ್ಕೇ ವಾರಗಳು ಹಿಡಿಯುತ್ತವೆ.

ಅಳತೆಗೆ ಮುನ್ನ ಕಣ್ಣಿನ ಪರೀಕ್ಷೆಯಾಗಬೇಕು. ಎಡಗೈಯಲ್ಲಿ ಬರೆಯುವವರೆಲ್ಲರಿಗೂ ಎಡಗಣ್ಣೇ ಪ್ರಧಾನವಾಗಿರುವುದಿಲ್ಲ. ಗುರಿಯಿಡುವಾಗ ಮೆದುಳು ನೆಚ್ಚುವ ಕಣ್ಣು ಬಲಗಣ್ಣಾಗಿದ್ದರೆ ಬಲಭುಜದಿಂದ ಹೊಡೆಯಲು ಕಲಿಯುವುದೇ ಸುಲಭ, ಖರ್ಚೂ ಉಳಿಯುತ್ತದೆ.

ಬ್ರಿಟನ್ನಿನಲ್ಲಿ 1868ರ ಕಾಯ್ದೆಯಂತೆ ಪ್ರತಿ ಹೊಸ ನಳಿಗೆಯೂ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್‌ನಲ್ಲಿ ವಾಡಿಕೆಗಿಂತ ಹೆಚ್ಚಿನ ಒತ್ತಡದ ತೋಟಾ ಸಿಡಿಸಿ ಪರೀಕ್ಷೆಯಾಗಿ ಮುದ್ರೆ ಪಡೆಯಬೇಕು. ಕೆತ್ತನೆ, ಚಿನ್ನದ ಕುಸುರಿಗಳ ಸರದಿ ಬರುವುದು ಆಮೇಲೆ. ಅವು ನೋಡಲು ಚೆಂದ, ಗುರಿಗೆ ನಿರುಪಯೋಗಿ.

ಕರ್ನಾಟಕದ ನಂಟನ್ನು ಹುಡುಕುವುದಾದರೆ, ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ (1910–1974) ನೆಚ್ಚಿಕೊಂಡಿದ್ದ .405 ವಿಂಚೆಸ್ಟರ್ ಬೋಲ್ಟ್ ರೈಫಲ್ ಆಗಿರಲಿಲ್ಲ. ಕುದುರೆಯ ಕೆಳಗಿನ ಸನ್ನೆಯನ್ನು ಮುಂದೊತ್ತಿ ಸೆಳೆಯುವ ಅಂತಹ ಕೋವಿಯಲ್ಲಿ ಎಡ ಬಲಗಳ ತಕರಾರು ಬಹಳ ಮಟ್ಟಿಗೆ ಏಳುವುದೇ ಇಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಶಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದ್ದು, ಕೈಲ್ ಮುಹೂರ್ತದ ಹಬ್ಬದಂದು ಅಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಭಾರತದಲ್ಲಿ ಇಂದು ಮೋಜಿನ ಬೇಟೆಗೆ ಎಡೆಯಿಲ್ಲ. ಈ ಕಸುಬಿನ ಇಂದಿನ ಗಿರಾಕಿಗಳಿರುವುದು ಯುರೋಪು, ಅಮೆರಿಕ ಮತ್ತು ಆಫ್ರಿಕದ ಪರವಾನಗಿಯ ಬೇಟೆನೆಲಗಳಲ್ಲಿ.

ಅಲ್ಲಿಯ ಗಿರಾಕಿಯೂ ಮರದ ಬಣ್ಣ, ಕೆತ್ತನೆಗಳಿಂದ ಯೋಜನೆ ಆರಂಭಿಸಿದರೆ ಹಣ ಹಾಳಾಗುತ್ತದೆ. ಎಡಬದಿಯ ಆಕ್ಷನ್ ಯಾರಿಂದ, ಯಾವ ಅಳತೆಯಲ್ಲಿ ಸಿಗುತ್ತದೆಂಬುದು ಮೊದಲು ಗೊತ್ತಾಗಿ, ಅದರ ಉದ್ದಕ್ಕೆ ಒಪ್ಪುವ ಕ್ಯಾಲಿಬರ್ ನಿಶ್ಚಯವಾಗಿ, ದುರ್ಬೀನಿಗೆ ಅಡ್ಡಬರದಂತೆ ಬೋಲ್ಟ್ ಹಿಡಿಕೆಯ ಬಾಗು ತೀರ್ಮಾನವಾದ ನಂತರವೇ ಮರದ ಮಾತು. ಇಷ್ಟೆಲ್ಲ ಮಾಡಿ ಕಟ್ಟಿಸಿದ ಎಡಗೈ ರೈಫಲ್‌ಗೆ ಮರುಮಾರಾಟದಲ್ಲಿ ಕೊಳ್ಳುವವರು ಕಡಿಮೆಯಾದ್ದರಿಂದ, ಅದನ್ನು ಸ್ವಂತ ಬಳಕೆಗೆಂದು ಮಾಡಿಸಬೇಕೇ ಹೊರತು ಹೂಡಿಕೆಯೆಂದಲ್ಲ.